ಹಳೆ ಕಂಪ್ಯೂಟರಿನೊಳಗಿನ ಹಸಿರು ಕಿಲುಬು: ಗಡಿಯಾರದ ಬ್ಯಾಟರಿ ಯಾಕೆ ಸೋರುತ್ತದೆ, ಬದಲಿಸುವುದು ಹೇಗೆ?

ಹೋದ ಆಯುಧಪೂಜೆಗೆ ಅಟ್ಟ ಗುಡಿಸುವಾಗ ಒಂದು ಕಂಪ್ಯೂಟರ್ ಕೆಳಗಿಳಿಯಿತು. ಸೋದರಮಾವನದು. ದಾವಣಗೆರೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದಾಗ ತಂದಿದ್ದ 386, ಅಂದರೆ ಒಳಗಿನ ಪ್ರೊಸೆಸರಿನ ಹೆಸರಿಂದಲೇ ಕರೆಯುವ ಹಳೆ ಪಿಸಿ. ಕ್ಯಾಬಿನೆಟ್ಟಿನ ಮುಂದೆ ಯಾವುದೋ ಹಳೆ ಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಮಾವನಿಗೆ ಫೋನ್ ಮಾಡಿದೆ. "ಆನ್ ಆಕ್ಕತೇನು ನೋಡಪಾ, ನಾನು ಮಾಡಿದ ಮೊದಲನೇ ಲಗ್ನಪತ್ರಿಕೆ ಅದ್ರಾಗೇ ಐತಿ" ಅಂದರು.

ಪ್ಲಗ್ ಹಾಕುವ ಮೊದಲು ಮುಚ್ಚಳ ತೆಗೆದು ನೋಡಿದೆ. ಒಳ್ಳೇದೇ ಆಯಿತು. ಮದರ್‌ಬೋರ್ಡಿನ ಮೂಲೆಯಲ್ಲಿ ಹೆಬ್ಬೆರಳ ತುದಿಯಷ್ಟು ದೊಡ್ಡ ಪೀಪಾಯಿ ಆಕಾರದ ಬ್ಯಾಟರಿ. ಎರಡೂ ಕೊನೆಯಲ್ಲಿ ಬಿಳಿ ಪುಡಿ. ಅದರ ಸುತ್ತ ಎರಡು ಇಂಚು ಜಾಗದಲ್ಲಿ ನೀಲಿ-ಹಸಿರು ಕಿಲುಬು. ಹಿತ್ತಾಳೆ ಕೊಡವನ್ನು ವರ್ಷಗಟ್ಟಲೆ ಹಿತ್ತಲಲ್ಲಿ ಬಿಟ್ಟರೆ ಹಿಡಿಯುತ್ತಲ್ಲ, ಅದೇ ಬಣ್ಣ.

1980ರ ದಶಕದ ಕೊನೆಯಿಂದ 90ರ ದಶಕದ ನಡುವಿನವರೆಗೆ ಬಂದ 286, 386, 486 ಬೋರ್ಡುಗಳಲ್ಲಿ ಇಂಥ ಬ್ಯಾಟರಿ ಸರ್ವೇಸಾಮಾನ್ಯ. ಅಮಿಗಾ 2000, ಅಮಿಗಾ 500 ಪ್ಲಸ್, ಅಮಿಗಾ 4000 ಕಂಪ್ಯೂಟರ್‌ಗಳಲ್ಲೂ ಇದೇ ಜಾತಿಯದು ಇತ್ತು. ನಿಮ್ಮ ಅಟ್ಟದಲ್ಲೂ ಇಂಥ ಒಂದು ಡಬ್ಬ ಇದ್ದರೆ ಅದರ ಬ್ಯಾಟರಿ ಈಗಾಗಲೇ ಸೋರಿರುವ ಸಾಧ್ಯತೆಯೇ ಜಾಸ್ತಿ. ಬ್ಯಾಟರಿ ಸುಮ್ನೆ ಸತ್ತಿದ್ದರೆ ನಷ್ಟ ಗಡಿಯಾರಕ್ಕಷ್ಟೇ. ಸೋರಿದ್ದರೆ ಇಡೀ ಬೋರ್ಡಿಗೆ ಕುತ್ತು.

## ಆಫ್ ಮಾಡಿದ ಕಂಪ್ಯೂಟರಿಗೆ ಬ್ಯಾಟರಿ ಯಾಕೆ ಬೇಕು?

ಕಂಪ್ಯೂಟರಿನಲ್ಲಿ ಮುಖ್ಯವಾಗಿ ಎರಡು ಥರದ ನೆನಪು ಇರುತ್ತದೆ. ಒಂದು ರ‍್ಯಾಮ್. ಇದು ಸ್ಲೇಟಿದ್ದಂತೆ, ಕರೆಂಟ್ ಹೋದ ಕೂಡಲೇ ಪೂರ್ತಿ ಅಳಿಸಿಹೋಗುತ್ತದೆ. ಇನ್ನೊಂದು ರೋಮ್ (ROM), ಕಲ್ಲಿನ ಶಾಸನದಂತೆ. ಫ್ಯಾಕ್ಟರಿಯಲ್ಲಿ ಕೆತ್ತಿದ್ದು ಹಾಗೇ ಇರುತ್ತದೆ, ನಾವು ತಿದ್ದಲಾಗದು. ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಬಯಾಸ್ ಎಂಬ ಪ್ರೋಗ್ರಾಂ ಈ ಶಾಸನದಲ್ಲಿರುತ್ತದೆ.

ಆದರೆ ಕೆಲವು ಸಂಗತಿಗಳು ಎರಡಕ್ಕೂ ಹೊಂದುವುದಿಲ್ಲ. ಇವತ್ತಿನ ತಾರೀಕು ಏನು? ಹಾಕಿರುವ ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದು? ಫ್ಲಾಪಿ ಡ್ರೈವ್ ಯಾವ ಅಳತೆಯದು? ಇವು ಬದಲಾಗುತ್ತಿರುತ್ತವೆ, ಹಾಗಂತ ಅಳಿಸಿಹೋಗಲೂಬಾರದು. ಶಾಲೆಯ ಕರಿಹಲಗೆಯ ಮೂಲೆಯಲ್ಲಿ ಮೇಷ್ಟ್ರು ಚೌಕ ಎಳೆದು 'ಅಳಿಸಬೇಡಿ' ಅಂತ ಬರೆಯುತ್ತಿದ್ದರಲ್ಲ, ಅಂಥದೊಂದು ಮೂಲೆ ಬೇಕು. ಆ ಮೂಲೆಗೆ ಸಿಮಾಸ್ ಮೆಮೊರಿ ಅಂತ ಹೆಸರು. ರಾತ್ರಿಯೆಲ್ಲ ಅದನ್ನು ಕಾಯುವ ವಾಚ್‌ಮನ್ನೇ ಈ ಬ್ಯಾಟರಿ.

1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯಲ್ಲಿ ಈ ಏರ್ಪಾಡು ಇರಲಿಲ್ಲ. ಪ್ರತಿ ಸಲ ಆನ್ ಮಾಡಿದಾಗಲೂ ಡಾಸ್ (ಆ ಕಾಲದ ಆಪರೇಟಿಂಗ್ ಸಿಸ್ಟಂ) ತಾರೀಕು ಕೇಳುತ್ತಿತ್ತು, ಟೈಮ್ ಕೇಳುತ್ತಿತ್ತು. 1984ರ ಐಬಿಎಂ ಪಿಸಿ ಎಟಿಯಲ್ಲಿ ಮೋಟರೋಲಾದ ಎಂಸಿ146818 ಎಂಬ ಗಡಿಯಾರದ ಚಿಪ್ ಬಂತು. ಅದರೊಳಗೆ ಇದ್ದದ್ದು ಬರೀ 64 ಬೈಟ್ ಜಾಗ. ಅದರಲ್ಲಿ 14 ಬೈಟ್ ಗಡಿಯಾರದ ಲೆಕ್ಕಕ್ಕೆ, ಉಳಿದ 50 ಬೈಟ್ ಸೆಟ್ಟಿಂಗ್‌ಗಳಿಗೆ. ಒಂದು ಎಸ್‌ಎಂಎಸ್‌ಗೂ ಸಾಲದ ಜಾಗ. ಆಮೇಲೆ ಬಂದ 286, 386, 486 ಯಂತ್ರಗಳು ಇದೇ ದಾರಿ ಹಿಡಿದವು.

ಬ್ಯಾಟರಿ ಸತ್ತರೆ ಪರದೆಯ ಮೇಲೆ 'ಸಿಮಾಸ್ ಬ್ಯಾಟರಿ ಸ್ಟೇಟ್ ಲೋ' ಅಂತಲೋ 'ಸಿಮಾಸ್ ಚೆಕ್‌ಸಮ್ ಫೇಲ್ಯೂರ್' ಅಂತಲೋ ಬರುತ್ತದೆ. ಚೆಕ್‌ಸಮ್ ಅಂದರೆ ಕಿರಾಣಿ ಚೀಟಿಯ ಕೊನೆಯಲ್ಲಿ ಬರೆದ ಒಟ್ಟು ಮೊತ್ತ ಇದ್ದಂತೆ. ಮೇಲಿನ ಅಂಕಿಗಳನ್ನು ಕೂಡಿದರೆ ಅದೇ ಮೊತ್ತ ಬರಬೇಕು. ಬರದಿದ್ದರೆ ಚೀಟಿಯಲ್ಲಿ ಏನೋ ಅಳಿಸಿದೆ ಅಂತ ಬಯಾಸ್‌ಗೆ ಗೊತ್ತಾಗುತ್ತದೆ. ಡಾಸ್‌ನಲ್ಲಿ ತಾರೀಕು ನೋಡಿದರೆ 1980ರ ಜನವರಿ 1 ಅಂತ ಬರುವುದೂ ಉಂಟು. ಡಾಸ್‌ನ ಕ್ಯಾಲೆಂಡರ್ ಶುರುವಾಗುವುದೇ ಆ ದಿನದಿಂದ.

## ಒಂದು ಸೆಕೆಂಡ್ ಹುಟ್ಟುವ ಬಗೆ

ಗಡಿಯಾರದ ಚಿಪ್ಪಿನ ಪಕ್ಕದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹೊಳೆಯುವ ಕೊಳವೆ ಇರುತ್ತದೆ. ಅದರೊಳಗೆ ಕ್ವಾರ್ಟ್ಜ್ ಹರಳು. ಕರೆಂಟ್ ಕೊಟ್ಟರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಯಾಕೆ ಈ ವಿಚಿತ್ರ ಸಂಖ್ಯೆ? ಅದನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ. ಹೀಗೇ 15 ಸಲ ಮಾಡಿದರೆ ಸರಿಯಾಗಿ 1 ಬರುತ್ತದೆ. ಅರ್ಧ ಮಾಡುವುದು ಚಿಪ್ಪಿಗೆ ಅತಿ ಸುಲಭದ ಕೆಲಸ. ನಿಮ್ಮ ಕ್ವಾರ್ಟ್ಜ್ ಕೈಗಡಿಯಾರದಲ್ಲಿರುವುದೂ ಇದೇ ಹರಳು, ಇದೇ ಲೆಕ್ಕ.

ಈ ಕೆಲಸಕ್ಕೆ ಬೇಕಾದ ಕರೆಂಟ್ ತೀರಾ ಕಮ್ಮಿ, ಮೈಕ್ರೋಆಂಪ್ ಲೆಕ್ಕದ್ದು. ಹಾಗಾಗಿ ಪುಟ್ಟ ಬ್ಯಾಟರಿಯೇ ಸಾಕು.

## ಪೀಪಾಯಿಯೊಳಗೆ ಏನಿದೆ?

ಹೊರಗಿಂದ ಒಂದೇ ಬ್ಯಾಟರಿಯಂತೆ ಕಂಡರೂ ಒಳಗೆ ಮೂರು ಬಿಲ್ಲೆಗಳು ಒಂದರ ಮೇಲೊಂದು ಕೂತಿವೆ. ಇಡ್ಲಿ ತಟ್ಟೆಗಳ ಥರ. ಒಂದೊಂದೂ 1.2 ವೋಲ್ಟ್, ಒಟ್ಟು 3.6 ವೋಲ್ಟ್. ಜಾತಿ ನಿಕೆಲ್-ಕ್ಯಾಡ್ಮಿಯಂ. ಎರಡು ಲೋಹಗಳ ಪದರದ ನಡುವೆ ನೀರಲ್ಲಿ ಕರಗಿಸಿದ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಇರುತ್ತದೆ. ಇದು ಕಟುವಾದ ಕ್ಷಾರ. ಸುಣ್ಣದ ತಿಳಿ, ಬಟ್ಟೆ ಸೋಡಾ ಇವೆಲ್ಲ ಇದರ ಸೌಮ್ಯ ನೆಂಟರು.

ಇದು ಮತ್ತೆ ಮತ್ತೆ ಚಾರ್ಜ್ ಆಗುವ ಬ್ಯಾಟರಿ. ಕಂಪ್ಯೂಟರ್ ಆನ್ ಇದ್ದಷ್ಟು ಹೊತ್ತೂ ಬೋರ್ಡ್ ಇದಕ್ಕೆ ಸಣ್ಣಗೆ ಕರೆಂಟ್ ಕೊಡುತ್ತಿರುತ್ತದೆ. ತುಂಬಿತೋ ಇಲ್ಲವೋ ಅಂತ ನೋಡುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಟ್ಯಾಂಕ್ ತುಂಬಿದ ಮೇಲೂ ಸಣ್ಣಗೆ ಬಿಟ್ಟ ನಲ್ಲಿಯಂತೆ ಹರಿಯುತ್ತಲೇ ಇರುತ್ತದೆ. ತುಂಬಿದ ಬ್ಯಾಟರಿಗೆ ಮತ್ತೆ ಮತ್ತೆ ಕರೆಂಟ್ ಕೊಟ್ಟರೆ ಒಳಗೆ ಗ್ಯಾಸ್ ಹುಟ್ಟಿ ಒತ್ತಡ ಏರುತ್ತದೆ. ಒಳಗಿನ ದ್ರವ ಹೊರಬರದಂತೆ ತಡೆಯುವ ಸೀಲು ವರ್ಷಗಳು ಕಳೆದಂತೆ ಒಣಗಿ ಸೋಲುತ್ತದೆ.

ಈ ಕ್ಷಾರಕ್ಕೆ ಇನ್ನೊಂದು ಕೆಟ್ಟ ಗುಣ. ಅದು ಲೋಹದ ಮೇಲೆ ತೆವಳುತ್ತದೆ, ಅದರಲ್ಲೂ ನೆಗೆಟಿವ್ ಕಾಲಿನ ಉದ್ದಕ್ಕೆ. ಹಾಗಾಗಿ ಕಂಪ್ಯೂಟರ್ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದರೂ ಸೋರುವುದು ನಿಲ್ಲುವುದಿಲ್ಲ. ಈ ಬ್ಯಾಟರಿಗಳಿಗೆ ಈಗ 30 ವರ್ಷ ದಾಟಿದೆ. ಇದು ಯಾವುದೋ ಒಂದು ಕಂಪನಿಯ ದೋಷ ಅಲ್ಲ, ಈ ಜಾತಿಯ ಹಣೆಬರಹವೇ ಹೀಗೆ.

## ಆಸಿಡ್ ಅಲ್ಲವೇ ಅಲ್ಲ: ಅರಿಶಿನದ ಪರೀಕ್ಷೆ

'ಬ್ಯಾಟರಿ ಆಸಿಡ್ ಸೋರಿದೆ' ಅಂತಲೇ ಎಲ್ಲರೂ ಹೇಳುವುದು. ಕಾರಿನ ಬ್ಯಾಟರಿಯಲ್ಲಿ ಆಸಿಡ್ ಇರುತ್ತೆ, ಆ ಮಾತು ಇಲ್ಲಿಗೂ ಬಂದುಬಿಟ್ಟಿದೆ. ಇದು ಬರೀ ಹೆಸರಿನ ತಪ್ಪಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆಸಿಡ್ ಅಂದುಕೊಂಡವರು ಅದಕ್ಕೆ ಅಡಿಗೆ ಸೋಡಾ ಹಾಕಿ ತಿಕ್ಕುತ್ತಾರೆ. ಕ್ಷಾರಕ್ಕೆ ಸೋಡಾ ಹಾಕಿದರೆ ಏನೂ ಪ್ರಯೋಜನ ಇಲ್ಲ. ಇದಕ್ಕೆ ಬೇಕಾದ್ದು ಹುಳಿ.

ನಂಬಿಕೆ ಬರಲಿಲ್ಲವಾ? ಅಡಿಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತೆ ಅಂತ ನಮಗೆಲ್ಲ ಗೊತ್ತು. ಆರತಿ ತಟ್ಟೆಯ ಓಕುಳಿ ನೀರು ಹಾಗೇ ತಾನೇ ಮಾಡುವುದು? ಅರಿಶಿನ ಕ್ಷಾರವನ್ನು ಹಿಡಿದುಕೊಡುವ ಪತ್ತೇದಾರ. ಬಿಳಿ ಕಾಗದದ ಚೂರನ್ನು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿಕೊಂಡೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಡಿಸ್ಟಿಲ್ಡ್ ನೀರಲ್ಲಿ ನೆನೆಸಿ, ಬ್ಯಾಟರಿ ಕಾಲಿನ ಬಿಳಿ ಪುಡಿಗೆ ಒಂದು ಸಲ ಸವರಿ, ಕಾಗದಕ್ಕೆ ಒತ್ತಿದೆ. ಹಳದಿ ಕಾಗದದ ಮೇಲೆ ಕೆಂಪು ಬೊಟ್ಟು. ಕ್ಯಾಬಿನೆಟ್ಟಿನ ಮೇಲಿದ್ದ ಕುಂಕುಮಕ್ಕಿಂತ ಸ್ವಲ್ಪ ಕಂದು, ಅಷ್ಟೇ ವ್ಯತ್ಯಾಸ.

ಆ ಬಿಳಿ ಪುಡಿ ಏನು ಅಂದರೆ, ಹೊರಬಂದ ಕ್ಷಾರ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪೊಟ್ಯಾಶಿಯಂ ಕಾರ್ಬೊನೇಟ್ ಆಗಿರುತ್ತದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಹೀಗೇ. ಆದರೆ ಸುಣ್ಣ ಒಣಗಿ ಸುಮ್ಮನಾಗುತ್ತೆ. ಈ ಪುಡಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲ ಬಂದರೆ ಮತ್ತೆ ಒದ್ದೆ, ಮತ್ತೆ ತಾಮ್ರ ತಿನ್ನಲು ಶುರು. ನೀಲಿ-ಹಸಿರು ಕಾಣುವುದೆಲ್ಲ ಹೀಗೆ ಕೊಳೆತ ತಾಮ್ರ.

## ಎಲ್ಲಿ ಕಚ್ಚುತ್ತದೆ?

ಮದರ್‌ಬೋರ್ಡ್ ಅಂದರೆ ತಾಮ್ರದ ತೆಳ್ಳನೆಯ ಗೆರೆಗಳ ಊರು. ಈ ಗೆರೆಗಳಿಗೆ ಟ್ರ್ಯಾಕ್ ಅನ್ನುತ್ತಾರೆ. ಮೇಲೆ ಹಸಿರು ಬಣ್ಣದ ಹೊದಿಕೆ ಇರುತ್ತದೆ, ಮಳೆಗೆ ಹಾಕಿದ ತಾಡಪಾಲಿನಂತೆ. ಕ್ಷಾರ ಇದರ ಅಂಚಿನಿಂದ ಒಳಗೆ ನುಸುಳುತ್ತದೆ. ಮೇಲೆ ಹೊದಿಕೆ ಸರಿಯಾಗೇ ಕಾಣುತ್ತಿರುತ್ತೆ, ಅಡಿಯಲ್ಲಿ ತಾಮ್ರ ಕಪ್ಪಾಗಿರುತ್ತದೆ. ಬೋರ್ಡಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಕರೆಂಟ್ ದಾಟಿಸುವ ಸಣ್ಣ ತೂತುಗಳಿಗೆ ವಯಾ ಅಂತ ಹೆಸರು. ದ್ರವ ಅಲ್ಲಿ ಇಳಿದು ಕೂರುತ್ತದೆ. ಚಿಪ್ ಸಾಕೆಟ್ಟಿನ ಕಾಲುಗಳು, ಕಾರ್ಡ್ ಹಾಕುವ ಸ್ಲಾಟುಗಳಿಗೂ ಬಿಡುವುದಿಲ್ಲ.

386, 486 ಬೋರ್ಡುಗಳಲ್ಲಿ ಇನ್ನೊಂದು ದುರದೃಷ್ಟ. ಬಹಳಷ್ಟರಲ್ಲಿ ಬ್ಯಾಟರಿ ಇರುವುದು ಕೀಬೋರ್ಡ್ ಸಾಕೆಟ್ಟಿನ ಪಕ್ಕದಲ್ಲಿ. ಹಾಗಾಗಿ ಸೋರಿದ ಬೋರ್ಡ್ ಆನ್ ಮಾಡಿದರೆ ಆಗಾಗ ಸಿಗುವ ಮೊದಲ ದೂರು ಗಡಿಯಾರದ್ದಲ್ಲ, ಕೀಬೋರ್ಡಿನದು. 'ಕೀಬೋರ್ಡ್ ಎರರ್' ಅಂತ ಬಂತೆಂದು ಹೊಸ ಕೀಬೋರ್ಡ್ ತಂದು ಹಾಕಿದವರಿದ್ದಾರೆ. ಹೋಗಿದ್ದದ್ದು ಒಳಗಿನ ಟ್ರ್ಯಾಕ್. ಅಮಿಗಾ 2000ದಲ್ಲಿ ಬ್ಯಾಟರಿ ಪ್ರೊಸೆಸರಿನ ಪಕ್ಕದಲ್ಲೇ ಇತ್ತು. ಅಲ್ಲಿ ಸೋರಿದರೆ ನೇರ ಎದೆಗೇ.

## ಮೊದಲ ಕೆಲಸ: ಕಿತ್ತು ಹಾಕುವುದು

ನಿಮಗೆ ಗಡಿಯಾರ ಬೇಕೋ ಬೇಡವೋ, ಆ ಕಂಪ್ಯೂಟರ್ ಓಡಿಸುತ್ತೀರೋ ಇಲ್ಲವೋ, ಅದು ಆಮೇಲಿನ ಮಾತು. ಬ್ಯಾಟರಿ ಮಾತ್ರ ಇವತ್ತೇ ಹೊರಬರಬೇಕು. ಅದಿಲ್ಲದೆಯೂ ಈ ಯಂತ್ರಗಳು ಆನ್ ಆಗುತ್ತವೆ, ಪ್ರತಿ ಸಲ ಬಯಾಸ್‌ನ ಸೆಟಪ್ ಪರದೆಯಲ್ಲಿ ವಿವರ ತುಂಬಬೇಕು ಅಷ್ಟೇ.

ಗೋಡೆಯ ಪ್ಲಗ್ ಕೀಳಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಕ್ಷಾರ ಚರ್ಮಕ್ಕೆ ತಾಗಿದರೆ ಸೋಪಿನ ಹಾಗೆ ಜಾರುತ್ತೆ. ಅದು ಚರ್ಮದ ಕೊಬ್ಬನ್ನೇ ಸೋಪು ಮಾಡುತ್ತಿರುವ ಲಕ್ಷಣ, ಕೂಡಲೇ ತೊಳೆದುಕೊಳ್ಳಿ. ಬೋರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ, ಮೈಮೇಲಿನ ಸ್ಟಾಟಿಕ್ ಇಳಿಯುತ್ತದೆ.

ಎಲ್ಲಾ ಕೋನಗಳಿಂದ ಫೋಟೋ ತೆಗೆಯಿರಿ. ಬ್ಯಾಟರಿಯ ಪ್ಲಸ್ ಯಾವ ಕಡೆ ಅಂತ ಈಗಲೇ ಬರೆದಿಟ್ಟುಕೊಳ್ಳಿ, ಕಿತ್ತ ಮೇಲೆ ಗುರುತು ಸಿಗದಿರಬಹುದು. ಬೋರ್ಡಿಗೆ ಪವರ್ ಸಪ್ಲೈನಿಂದ ಎರಡು ಪ್ಲಗ್ ಬರುತ್ತವೆ, ಪಿ8 ಮತ್ತು ಪಿ9. ಮತ್ತೆ ಹಾಕುವಾಗ ಅದಲುಬದಲಾದರೆ ಬೋರ್ಡ್ ಸುಟ್ಟೇ ಹೋಗುತ್ತದೆ. ಎರಡರ ಕಪ್ಪು ವೈರುಗಳು ನಡುವೆ ಅಕ್ಕಪಕ್ಕ ಬರಬೇಕು. ಇದೊಂದನ್ನು ಮರೆಯಬೇಡಿ.

ಬ್ಯಾಟರಿಯನ್ನು ಎಳೆದು ಕೀಳಬೇಡಿ. ಕೊಳೆತ ಕಾಲು ತನ್ನ ಜೊತೆ ಬೋರ್ಡಿನ ತಾಮ್ರವನ್ನೂ ಎಬ್ಬಿಸಿಕೊಂಡು ಬರುತ್ತದೆ. ಮೊದಲು ಕಟರ್‌ನಿಂದ ಕಾಲುಗಳನ್ನು ಕತ್ತರಿಸಿ ಬ್ಯಾಟರಿ ಬೇರೆ ಮಾಡಿ. ಉಳಿದ ಕಾಲಿನ ತುಂಡುಗಳನ್ನು ಬೋರ್ಡ್ ತೊಳೆದ ಮೇಲೆ ಸೋಲ್ಡರಿಂಗ್ ಐರನ್ನಿನಿಂದ ಬಿಡಿಸಬಹುದು. ಕಿಲುಬು ಹಿಡಿದ ಹಳೆ ಸೋಲ್ಡರ್ ಎಷ್ಟು ಕಾಯಿಸಿದರೂ ಕರಗದೆ ಮೊಂಡು ಹಿಡಿಯುತ್ತದೆ. ಅದರ ಮೇಲೆ ಸ್ವಲ್ಪ ಫ್ಲಕ್ಸ್ (ಸೋಲ್ಡರ್ ಸಲೀಸಾಗಿ ಹರಿಯಲು ಹಚ್ಚುವ ರಾಳ), ಸ್ವಲ್ಪ ಹೊಸ ಸೋಲ್ಡರ್ ಹಾಕಿ, ಆಗ ಹರಿಯುತ್ತದೆ. ಹೊಗೆ ಕುಡಿಯಬೇಡಿ, ಕಿಟಕಿ ತೆರೆದಿರಲಿ.

## ವಿನೆಗರ್, ಆಮೇಲೆ ನೀರು, ಆಮೇಲೆ ಆಲ್ಕೋಹಾಲ್

ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ಸಾಕು. ಹತ್ತಿ ಕಡ್ಡಿಯಲ್ಲಿ ಅದ್ದಿ ಕಿಲುಬಿನ ಮೇಲೆ ಒತ್ತಿ. ಸಣ್ಣಗೆ ನೊರೆ ಬರುತ್ತದೆ, ಕಾರ್ಬೊನೇಟ್ ಒಡೆದು ಗ್ಯಾಸ್ ಹೋಗುವುದು ಅದು. ಎರಡು ನಿಮಿಷ ಬಿಟ್ಟು ಮೆತ್ತನೆ ಟೂತ್‌ಬ್ರಷ್‌ನಿಂದ ಉಜ್ಜಿ. ಹೊಸ ಕಡ್ಡಿ, ಹೊಸ ವಿನೆಗರ್, ನೊರೆ ನಿಲ್ಲುವವರೆಗೆ. ಬೋರ್ಡಿನ ಹಿಂಬದಿ ಮರೆಯಬೇಡಿ, ವಯಾಗಳಲ್ಲಿ ಇಳಿದದ್ದು ಅಲ್ಲಿ ಕೂತಿರುತ್ತದೆ.

ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುವುದೂ ಇದೇ ತತ್ವ, ಹುಳಿ ಕಿಲುಬನ್ನು ಕರಗಿಸುತ್ತದೆ. ಹಾಗಂತ ಬೋರ್ಡಿಗೆ ಹುಣಸೆಹಣ್ಣು ಬೇಡ ಮಾರಾಯ್ರೆ. ಅದರ ಸಿಹಿ, ಅಂಟು, ನಾರು ಎಲ್ಲ ಚಿಪ್ಪಿನ ಅಡಿ ಸೇರಿಕೊಳ್ಳುತ್ತದೆ. ನಿಂಬೆರಸಕ್ಕೂ ಇದೇ ಮಾತು.

ವಿನೆಗರ್ ಕೂಡ ಆಸಿಡ್ಡೇ. ಹಾಗೇ ಬಿಟ್ಟರೆ ಅದೂ ತಾಮ್ರ ತಿನ್ನುತ್ತದೆ. ಅದಕ್ಕೇ ಡಿಸ್ಟಿಲ್ಡ್ ನೀರಲ್ಲಿ ಎರಡು ಮೂರು ಸಲ ತೊಳೆಯಬೇಕು. ಇನ್ವರ್ಟರ್ ಬ್ಯಾಟರಿಗೆ ಹಾಕಲು ಕೊಳ್ಳುತ್ತೇವಲ್ಲ, ಅದೇ ನೀರು. ಕೊಳವೆ ಬಾವಿ ನೀರು ಬೇಡ, ಅದರ ಉಪ್ಪು ಬೋರ್ಡಿನ ಮೇಲೆ ಉಳಿಯುತ್ತದೆ. ಕರೆಂಟಿನ ವಸ್ತುವಿಗೆ ನೀರಾ ಅಂತ ಗಾಬರಿ ಬೇಡ. ಕರೆಂಟ್ ಇಲ್ಲದಾಗ ನೀರಿನಿಂದ ತೊಂದರೆ ಇಲ್ಲ, ಒಣಗದೆ ಆನ್ ಮಾಡಿದರೆ ತೊಂದರೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದರೆ ಮೂಲೆಗಳಲ್ಲಿ ನಿಂತ ನೀರನ್ನು ಜೊತೆಗೆಳೆದುಕೊಂಡು ಆರಿಹೋಗುತ್ತದೆ. ಬೆಂಕಿಯಿಂದ ದೂರ. ಆಮೇಲೂ ಒಂದು ಪೂರ್ತಿ ದಿನ ಫ್ಯಾನ್ ಕೆಳಗೆ ಇಡಿ. ನಾನು ಈ ಹಂತದಲ್ಲಿ ಮತ್ತೊಂದು ಅರಿಶಿನದ ಕಾಗದ ಒತ್ತಿ ನೋಡಿದೆ, ಹಳದಿ ಹಳದಿಯಾಗೇ ಉಳಿಯಿತು.

## ಬೋರ್ಡಿಗೂ ಕಲಾಯಿ

ಈಗ ನಿಜವಾದ ಗಾಯ ಕಾಣುತ್ತದೆ. ಹಸಿರು ಹೊದಿಕೆಯ ಅಡಿ ಎಲ್ಲೆಲ್ಲಿ ಕಪ್ಪಾಗಿದೆಯೋ ಅಲ್ಲೆಲ್ಲ ಸಣ್ಣ ಬ್ಲೇಡಿನಿಂದ ಮೆಲ್ಲಗೆ ಕೆರೆದು ತಾಮ್ರ ಹೊಳೆಯುವಂತೆ ಮಾಡಬೇಕು. ಮರದಲ್ಲಿ ಗೆದ್ದಲು ಹಿಡಿದ ಭಾಗ ಹೆರೆಯುವಂತೆ, ಒಳ್ಳೆಯ ತಾಮ್ರ ಸಿಗುವವರೆಗೆ. ಅರ್ಧಕ್ಕೆ ಬಿಟ್ಟರೆ ಕಿಲುಬು ಹೊದಿಕೆಯೊಳಗೇ ಮುಂದುವರಿಯುತ್ತದೆ.

ಹೊಳೆಯುವ ತಾಮ್ರಕ್ಕೆ ಫ್ಲಕ್ಸ್ ಹಚ್ಚಿ, ತೆಳ್ಳಗೆ ಸೋಲ್ಡರ್ ಹರಿಸಿ. ಹಿಂದೆ ಬೀದಿಯಲ್ಲಿ 'ಕಲಾಯ್' ಅಂತ ಕೂಗಿಕೊಂಡು ಬರುವವರು ಇದನ್ನೇ ಮಾಡುತ್ತಿದ್ದರು. ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರ ಸವರುವುದು. ನವಸಾಗರ ಅಲ್ಲಿ ಮಾಡುತ್ತಿದ್ದ ಕೆಲಸ ಇಲ್ಲಿ ಫ್ಲಕ್ಸಿನದು. ಆದರೆ ನವಸಾಗರ ಬೋರ್ಡಿಗೆ ಹಾಕಬೇಡಿ, ಅದು ಕೊರೆಯುತ್ತದೆ. ಎಲೆಕ್ಟ್ರಾನಿಕ್ಸ್‌ಗೆಂದೇ ಮಾಡಿದ ರಾಳದ ಫ್ಲಕ್ಸ್ ಸಿಗುತ್ತದೆ. ಕೊನೆಗೆ ಮೇಲೆ ಸೋಲ್ಡರ್ ಮಾಸ್ಕ್ ಬಣ್ಣ ಹಚ್ಚಿದರೆ ಗಾಳಿ ತಾಗುವುದಿಲ್ಲ. ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚುವವರೂ ಇದ್ದಾರೆ.

ಟ್ರ್ಯಾಕ್ ತುಂಡಾಗಿದೆಯಾ ಅಂತ ತಿಳಿಯಲು ಮಲ್ಟಿಮೀಟರನ್ನು 'ಬೀಪ್' ಬರುವ ಕಡೆ ತಿರುಗಿಸಿ, ಟ್ರ್ಯಾಕಿನ ಎರಡು ತುದಿಗೆ ಮುಟ್ಟಿಸಬೇಕು. ಕೂಗಿದರೆ ದಾರಿ ಇದೆ. ಮಾವನ ಬೋರ್ಡಿನಲ್ಲಿ ಕೀಬೋರ್ಡ್ ಸಾಕೆಟ್ಟಿನ ಐದು ಕಾಲುಗಳಲ್ಲಿ ಕ್ಲಾಕ್ ಕಾಲಿನದು ಕೂಗಿತು. ಡೇಟಾ ಕಾಲಿನದು ಮೌನ. ಕಣ್ಣಿಗೆ ಗೆರೆ ಪೂರ್ತಿ ಇದ್ದಂತೇ ಕಾಣುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ವಯಾ ಪಕ್ಕದಲ್ಲಿ ಒಂದು ಮಿಲಿಮೀಟರಿಗಿಂತ ಕಮ್ಮಿ ಜಾಗದಲ್ಲಿ ತಾಮ್ರವೇ ಇಲ್ಲ, ಬರೀ ಕಪ್ಪು ನೆರಳು. ಕೂದಲಿನಂಥ ವೈರ್ ಎಳೆದು ಎರಡು ಕಡೆ ಬೆಸೆದೆ. ಆಗ ಮೀಟರ್ ಕೂಗಿತು.

ಇಂಥ ಬೋರ್ಡುಗಳು ಎಷ್ಟೋ ಸಲ ನಾಲ್ಕು ಪದರದ್ದಾಗಿರುತ್ತವೆ. ಒಳಗಿನ ಪದರ ಕಣ್ಣಿಗೆ ಬೀಳುವುದಿಲ್ಲ. ಕಿಲುಬು ಅಲ್ಲಿಗೆ ಇಳಿದಿದ್ದರೆ ರಿಪೇರಿ ಕಷ್ಟ.

## ಹೊಸ ಬ್ಯಾಟರಿ: ಎಲ್ಲರೂ ಎಡವುವುದು ಇಲ್ಲೇ

ಈಗಿನ ಕಂಪ್ಯೂಟರ್‌ಗಳಲ್ಲಿ ಸಿಆರ್2032 ಎಂಬ ಬಿಲ್ಲೆ ಇರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಎಲ್ಲಾ ಕಡೆ ಸಿಗುತ್ತೆ, ಸುಲಭವಾಗಿ ಸೋರುವುದಿಲ್ಲ. ಹಳೆ ಜಾಗಕ್ಕೆ ಇದನ್ನೇ ಬೆಸೆದುಬಿಟ್ಟರೆ ಆಯಿತಲ್ವಾ?

ಆಗಲಿಲ್ಲ. ಬೋರ್ಡಿಗೆ ಬ್ಯಾಟರಿ ಬದಲಾದದ್ದು ಗೊತ್ತಿಲ್ಲ. ಅದು ಹಳೆ ಅಭ್ಯಾಸದಂತೆ ಚಾರ್ಜ್ ಮಾಡುತ್ತಲೇ ಇರುತ್ತದೆ. ಸಿಆರ್2032 ಚಾರ್ಜ್ ಮಾಡಬಾರದ ಲಿಥಿಯಂ ಸೆಲ್. ಒಳಗೆ ಕರೆಂಟ್ ನುಗ್ಗಿಸಿದರೆ ಅದು ಉಬ್ಬಬಹುದು, ಸೋರಬಹುದು, ಸಿಡಿಯಲೂಬಹುದು. ಬೆಸುಗೆಯೂ ನೇರ ಬಿಲ್ಲೆಗೆ ಹಾಕಬಾರದು, ಬಿಸಿಗೆ ಅದು ಕೆಡುತ್ತದೆ. ಸೆಲ್ ಕೂರಿಸುವ ಹೋಲ್ಡರ್ ಬಳಸಿ.

ಚಾರ್ಜ್ ತಡೆಯಲು ಬೇಕಾದ್ದು ಡಯೋಡ್ ಎಂಬ ಪುಟ್ಟ ಭಾಗ. ಬೋರ್‌ವೆಲ್ ಪೈಪಿನಲ್ಲಿ ನೀರು ಹಿಂದೆ ಬರದಂತೆ ವಾಲ್ವ್ ಹಾಕುತ್ತಾರಲ್ಲ, ಅದೇ ಕೆಲಸ. ಕರೆಂಟ್ ಬ್ಯಾಟರಿಯಿಂದ ಬೋರ್ಡಿಗೆ ಹೋಗಬಹುದು, ಬೋರ್ಡಿನಿಂದ ಬ್ಯಾಟರಿಗೆ ಬರುವಂತಿಲ್ಲ. 1ಎನ್4148 ಅಂತ ಕೇಳಿದರೆ ಬೆಂಗಳೂರಿನ ಎಸ್‌ಪಿ ರೋಡಿನಂಥ ಎಲೆಕ್ಟ್ರಾನಿಕ್ಸ್ ಬೀದಿಯಲ್ಲಿ ಪುಡಿಗಾಸಿಗೆ ಸಿಗುತ್ತದೆ. ಗಾಜಿನ ಮೈಮೇಲೆ ಕಪ್ಪು ಪಟ್ಟಿ ಇರುತ್ತದೆ. ಪಟ್ಟಿ ಇರುವ ತುದಿ ಬೋರ್ಡಿನ ಪ್ಲಸ್ ಕಡೆಗೆ, ಇನ್ನೊಂದು ತುದಿ ಸೆಲ್ಲಿನ ಪ್ಲಸ್‌ಗೆ. ಹಾಕಿದ ಮೇಲೆ ಸೆಲ್ಲಿನ ವೋಲ್ಟೇಜ್ ಅಳೆಯಿರಿ. ಕಂಪ್ಯೂಟರ್ ಆಫ್ ಇದ್ದಾಗ ಎಷ್ಟಿತ್ತೋ ಆನ್ ಇದ್ದಾಗಲೂ ಅಷ್ಟೇ ಇರಬೇಕು. ಏರುತ್ತಾ ಹೋದರೆ ಡಯೋಡ್ ಉಲ್ಟಾ ಆಗಿದೆ ಅಂತ ಅರ್ಥ, ಕೂಡಲೇ ಆಫ್ ಮಾಡಿ.

ವಾಲ್ವ್ ದಾಟುವಾಗ ನೀರಿನ ಒತ್ತಡ ಸ್ವಲ್ಪ ಕಮ್ಮಿಯಾಗುವಂತೆ ಡಯೋಡ್ ದಾಟುವಾಗಲೂ ಅರ್ಧ ವೋಲ್ಟಿನ ಆಸುಪಾಸು ಕಳೆದುಹೋಗುತ್ತದೆ. 3 ವೋಲ್ಟಿನಲ್ಲಿ ಬೋರ್ಡಿಗೆ ಸಿಗುವುದು ಎರಡೂವರೆ. ಹೆಚ್ಚಿನ ಗಡಿಯಾರಗಳಿಗೆ ಇಷ್ಟು ಸಾಕು. ಸಾಲದಿದ್ದರೆ ಕಮ್ಮಿ ನುಂಗುವ ಶಾಟ್ಕಿ ಜಾತಿಯ ಡಯೋಡ್ ಹಾಕಬಹುದು. ಇಲ್ಲವೇ ಮೂರು ಮಾಮೂಲಿ ಪೆನ್ಸಿಲ್ ಸೆಲ್ಲುಗಳನ್ನು ಅದೇ ಡಯೋಡಿನ ಜೊತೆ ಹಾಕಿ, ವೈರ್ ಎಳೆದು, ಬೋರ್ಡಿನಿಂದ ದೂರ ಇಡಬಹುದು. ಪೆನ್ಸಿಲ್ ಸೆಲ್ಲೂ ಒಂದು ದಿನ ಸೋರುತ್ತದೆ. ದೂರ ಇದ್ದರೆ ಕೆಡುವುದು ಅದರ ಡಬ್ಬಿ ಮಾತ್ರ.

ಎಷ್ಟು ದಿನ ಬಾಳುತ್ತೆ? ಸಿಆರ್2032ರಲ್ಲಿ ಸುಮಾರು 220 ಮಿಲಿಆಂಪ್-ಅವರ್ ಇರುತ್ತದೆ. ಗಡಿಯಾರ 10 ಮೈಕ್ರೋಆಂಪ್ ಎಳೆಯುತ್ತದೆ ಅಂತಿಟ್ಟುಕೊಂಡರೆ 22,000 ಗಂಟೆ, ಅಂದರೆ ಎರಡೂವರೆ ವರ್ಷ. ಕಮ್ಮಿ ಎಳೆದರೆ ಇನ್ನೂ ಜಾಸ್ತಿ.

ಸೋಲ್ಡರಿಂಗ್ ಬೇಡ ಅನ್ನುವವರು ಬೋರ್ಡಿನಲ್ಲಿ ನಾಲ್ಕು ಪಿನ್ನಿನ ಸಾಲು ಹುಡುಕಿ. ಹಲವು ಬೋರ್ಡುಗಳಲ್ಲಿ ಹೊರಗಿನ ಬ್ಯಾಟರಿ ಸಿಕ್ಕಿಸಲು ಅಂತಲೇ ಅದನ್ನು ಕೊಟ್ಟಿರುತ್ತಾರೆ. ಯಾವ ಪಿನ್ ಪ್ಲಸ್, ಅಲ್ಲಿ ಚಾರ್ಜ್ ಕರೆಂಟ್ ಬರುತ್ತದೆಯೇ ಎಂದು ಮೀಟರಿನಲ್ಲಿ ನೋಡಿಯೇ ಮುಂದುವರಿಯಿರಿ. ಚಾರ್ಜ್ ಆಗುವ ನಿಕೆಲ್ ಬ್ಯಾಟರಿಯನ್ನೇ ಮತ್ತೆ ಅದೇ ಜಾಗಕ್ಕೆ ಹಾಕುವುದೂ ಸಾಧ್ಯ. ನಾನಂತೂ ಹಾಕುವುದಿಲ್ಲ. ಇನ್ನೊಂದು 20 ವರ್ಷಕ್ಕೆ ಇನ್ನೊಬ್ಬರು ಇದೇ ಕಿಲುಬು ಕೆರೆಯಬೇಕಾಗುತ್ತದೆ.

## ಎಲ್ಲಾ ಹಳೆ ಕಂಪ್ಯೂಟರಿಗೂ ಇದೇ ಮದ್ದಲ್ಲ

1989ರ ಮ್ಯಾಕಿಂಟಾಷ್ ಎಸ್ಇ/30ಯಂಥ ಹಳೆ ಆಪಲ್ ಯಂತ್ರಗಳಲ್ಲಿ ಅರ್ಧ ಪೆನ್ಸಿಲ್ ಸೆಲ್ಲಿನಷ್ಟು ಉದ್ದದ 3.6 ವೋಲ್ಟಿನ ಲಿಥಿಯಂ ಬ್ಯಾಟರಿ ಇರುತ್ತದೆ. ಅದರೊಳಗಿನ ಥಯೊನೈಲ್ ಕ್ಲೋರೈಡ್ ಹೊರಬಂದು ಗಾಳಿಯ ತೇವ ಸೇರಿದರೆ ಹೈಡ್ರೋಕ್ಲೋರಿಕ್ ಆಸಿಡ್ ಆಗುತ್ತದೆ. ಇಲ್ಲಿ ವಿನೆಗರ್ ಉಪಯೋಗವಿಲ್ಲ, ಅಡಿಗೆ ಸೋಡಾ ನೀರು ಬೇಕು. ಅರಿಶಿನದ ಕಾಗದ ಕೆಂಪಾಗದಿದ್ದರೆ ಒಮ್ಮೆ ನಿಂತು ಯೋಚಿಸಿ.

ಇನ್ನು ಕೆಲವು ಬೋರ್ಡುಗಳಲ್ಲಿ ಬ್ಯಾಟರಿಯೇ ಕಾಣುವುದಿಲ್ಲ. ಡಲ್ಲಾಸ್ ಕಂಪನಿಯ ಡಿಎಸ್1287 ಎಂಬ ದಪ್ಪ ಕಪ್ಪು ಚಿಪ್ಪಿನಲ್ಲಿ ಗಡಿಯಾರ, ಹರಳು, ಬ್ಯಾಟರಿ ಮೂರೂ ಒಟ್ಟಿಗೆ ಮುಚ್ಚಿಕೊಂಡಿವೆ. ಅದು ಬೋರ್ಡ್ ಹಾಳು ಮಾಡುವುದಿಲ್ಲ, ಒಂದು ದಿನ ಸದ್ದಿಲ್ಲದೆ ಸಾಯುತ್ತದೆ. ಆಗ ಹೊಸ ಚಿಪ್ ಹಾಕಬೇಕು.

## ಕಿತ್ತ ಬ್ಯಾಟರಿ ಎಲ್ಲಿ ಹಾಕುವುದು?

ಕಸದ ಬುಟ್ಟಿಗಂತೂ ಬೇಡ. ಕ್ಯಾಡ್ಮಿಯಂ ವಿಷ. ಮಣ್ಣು ಸೇರಿದರೆ ನೀರಿಗೆ, ಬೆಳೆಗೆ ಬರುತ್ತದೆ, ಮೈ ಸೇರಿದರೆ ಮೂತ್ರಪಿಂಡ ಕೆಡಿಸುತ್ತದೆ. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲಾ ಜಾತಿಯ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಹೆಸರು ಬರೆದು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಿಲುಬು ಒರೆಸಿದ ಹತ್ತಿಯೂ ಅದೇ ಚೀಲಕ್ಕೆ.

## ಮತ್ತೆ ಆನ್

ಮೊದಲ ಸಲ ಆನ್ ಮಾಡಿದಾಗ ಎಲ್ಲಾ ಸೆಟ್ಟಿಂಗ್ ಖಾಲಿ ಇರುತ್ತದೆ. ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದು ಅಂತ ನೀವೇ ಹೇಳಬೇಕು. ಡಿಸ್ಕಿನ ಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಅಂತ ಮೂರು ಅಂಕಿ ಇರುತ್ತವೆ. ಆ ಕಾಲದ ಹೆಸರಾಂತ ಸೀಗೇಟ್ ಎಸ್‌ಟಿ-225ರದು 615, 4, 17. ಮೂರನ್ನೂ ಗುಣಿಸಿ, ಸೆಕ್ಟರ್ ಒಂದಕ್ಕೆ 512 ಬೈಟ್ ಹಾಕಿದರೆ ಸುಮಾರು 2 ಕೋಟಿ 14 ಲಕ್ಷ ಬೈಟ್. ಆಗ 20 ಎಂಬಿ ಅಂತ ಮಾರುತ್ತಿದ್ದ ಡಿಸ್ಕು ಅದೇ. ಚೀಟಿಯ ಅಂಕಿ ಹೊಂದದಿದ್ದರೆ ಡಿಸ್ಕಿಗೆ ಏನನ್ನೂ ಬರೆಯಬೇಡಿ, ಫಾರ್ಮ್ಯಾಟ್ ಅಂತ ಕೇಳಿದರೆ ಬೇಡವೇ ಬೇಡ ಅನ್ನಿ. ಬರೀ ಓದಲು ನೋಡಿ, ತಪ್ಪಿದ್ದರೆ ಅಂಕಿ ಬದಲಿಸಿ.

ಮಾವನ 386 ಕೀಬೋರ್ಡನ್ನು ಒಪ್ಪಿಕೊಂಡಿತು. ತಾರೀಕು ಹಾಕಿ, ಆಫ್ ಮಾಡಿ, ಪ್ಲಗ್ ಕಿತ್ತು ರಾತ್ರಿ ಬಿಟ್ಟೆ. ಬೆಳಿಗ್ಗೆ ತಾರೀಕು ಮುಂದಕ್ಕೆ ಹೋಗಿತ್ತು. ವಾರ ಬಿಟ್ಟು ನೋಡಿದರೆ ಗಡಿಯಾರ ಎರಡು ನಿಮಿಷ ಹಿಂದೆ. ಹರಳಿಗೂ ವಯಸ್ಸಾಗಿದೆ, ಅಷ್ಟಕ್ಕೆ ಬಿಟ್ಟೆ. ಡಿಸ್ಕ್ ತಿರುಗುತ್ತಿದೆ, ಒಂದು ಥರ ಗೊರಗೊರ ಸದ್ದು. ಫೈಲುಗಳ ಪಟ್ಟಿ ಬಂತು. 'ಲಗ್ನ1' ಅಂತಲೇ ಒಂದಿದೆ. ಅದನ್ನು ತೆರೆಯುವ ಕನ್ನಡ ಅಕ್ಷರದ ಸಾಫ್ಟ್‌ವೇರ್ ಇರುವ ಫ್ಲಾಪಿಯನ್ನು ಮಾವ ಈಗ ದಾವಣಗೆರೆ ಮನೆಯಲ್ಲಿ ಹುಡುಕುತ್ತಿದ್ದಾರೆ.